ಹೊತ್ತು ನೋಡಿ ಹೊಳೆಯುವ ಅಣು

ಒಂದು ಹಿಡಿ ಪಾಲಕ್ ಸೊಪ್ಪನ್ನು ಹರಿದು ಗಾಜಿನ ಲೋಟಕ್ಕೆ ಹಾಕಿ. ಸೊಪ್ಪು ಮುಳುಗುವಷ್ಟು ಸರ್ಜಿಕಲ್ ಸ್ಪಿರಿಟ್ ಸುರಿದು, ಚಮಚದ ಹಿಂಬದಿಯಿಂದ ಚೆನ್ನಾಗಿ ಅರೆದು, ಅರ್ಧ ಗಂಟೆ ಮುಚ್ಚಿಡಿ. (ಸ್ಪಿರಿಟ್ಟಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಒಲೆಯಿಂದ ದೂರದಲ್ಲಿ, ದೊಡ್ಡವರೊಬ್ಬರು ಪಕ್ಕದಲ್ಲಿ ಇದ್ದಾಗಲೇ ಇದನ್ನು ಮಾಡಬೇಕು.) ಆಮೇಲೆ ತೆಳು ಬಟ್ಟೆಯಲ್ಲಿ ಸೋಸಿದರೆ ಕಡುಹಸಿರು ರಸ ಸಿಗುತ್ತದೆ. ಖೋಟಾ ನೋಟು ಪತ್ತೆ ಮಾಡಲು ಅಂಗಡಿಯವರು ನೇರಳೆ ಬೆಳಕಿನ ಪುಟ್ಟ ಟಾರ್ಚ್ ಇಟ್ಟುಕೊಂಡಿರುತ್ತಾರಲ್ಲ, ಅಂಥದ್ದೊಂದನ್ನು ತನ್ನಿ. ಕೋಣೆಯ ದೀಪ ಆರಿಸಿ ಲೋಟದ ಪಕ್ಕದಿಂದ ಬೆಳಕು ಬಿಡಿ. ಟಾರ್ಚಿನ ಬಾಯಿಯನ್ನು ಮಾತ್ರ ನೇರವಾಗಿ ನೋಡಬೇಡಿ, ಕಣ್ಣಿಗೆ ಒಳ್ಳೆಯದಲ್ಲ.

ಹಸಿರು ರಸ ರಕ್ತಗೆಂಪಾಗಿ ಹೊಳೆಯುತ್ತದೆ. ಟಾರ್ಚ್ ಆರಿಸಿ ಕೋಣೆಯ ದೀಪ ಹಾಕಿದರೆ ಮತ್ತೆ ಅದೇ ಹಸಿರು.

ಈ ಕೆಂಪು ಎಲ್ಲಿ ಅಡಗಿತ್ತು? ಎಲ್ಲೂ ಅಡಗಿರಲಿಲ್ಲ, ಆಗಷ್ಟೇ ಹುಟ್ಟಿತು. ಎಲೆಗೆ ಹಸಿರು ಕೊಡುವ ಕ್ಲೋರೋಫಿಲ್ ಅಣು ನೇರಳೆ ಬೆಳಕನ್ನು ನುಂಗುತ್ತದೆ. ನುಂಗಿದ ಶಕ್ತಿಯಿಂದ ಅದರ ಎಲೆಕ್ಟ್ರಾನೊಂದು ಮೇಲಿನ ಮೆಟ್ಟಿಲಿಗೆ ಏರುತ್ತದೆ. ಅಲ್ಲಿ ಅದು ಹೆಚ್ಚು ಹೊತ್ತು ನಿಲ್ಲಲಾರದು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ, ಅಂಥ ಕೆಲವೇ ಪಾಲುಗಳಷ್ಟು ಹೊತ್ತು ಮಾತ್ರ. ಅಷ್ಟರಲ್ಲೇ ಒಂದಿಷ್ಟು ಶಕ್ತಿ ಅಣುವಿನ ಕುಲುಕಾಟದಲ್ಲಿ ಶಾಖವಾಗಿ ಸೋರಿಹೋಗಿರುತ್ತದೆ. ಉಳಿದದ್ದು ಬೆಳಕಾಗಿ ಹೊರಗೆ ಬರುತ್ತದೆ. ಕಾಮನಬಿಲ್ಲಿನ ಬಣ್ಣಗಳಲ್ಲಿ ನೇರಳೆಗೆ ಶಕ್ತಿ ಹೆಚ್ಚು, ಕೆಂಪಿಗೆ ಕಡಿಮೆ. ಹಾಗಾಗಿ ಒಳಗೆ ಹೋದದ್ದು ನೇರಳೆ, ಹೊರಗೆ ಬಂದದ್ದು ಕೆಂಪು. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಮಿಂಚುಹುಳುವಿನ ಬೆಳಕು ಬೇರೆ ಜಾತಿಯದು; ಅದು ಹೊಟ್ಟೆಯೊಳಗಿನ ರಸಾಯನದಿಂದಲೇ ಬೆಳಕು ಮಾಡುತ್ತದೆ, ಅದಕ್ಕೆ ಯಾರ ಟಾರ್ಚೂ ಬೇಡ. ಪ್ರತಿದೀಪ್ತಿಗೆ ಹೊರಗಿನಿಂದ ಬೆಳಕು ಕೊಡಲೇಬೇಕು.

ಜೀವಂತ ಎಲೆಯ ಮೇಲೆ ಟಾರ್ಚ್ ಬಿಟ್ಟರೆ ಈ ಕೆಂಪು ಕಣ್ಣಿಗೆ ಬೀಳುವುದು ಕಷ್ಟ. ಅಲ್ಲಿ ಕ್ಲೋರೋಫಿಲ್ ಹಿಡಿದ ಶಕ್ತಿಯ ಬಹುಪಾಲನ್ನು ಆಹಾರ ತಯಾರಿಸಲು ಎಲೆ ಕಸಿದುಕೊಳ್ಳುತ್ತದೆ. ಸ್ಪಿರಿಟ್ಟಿನಲ್ಲಿ ಕಸಿದುಕೊಳ್ಳುವವರು ಯಾರೂ ಇಲ್ಲ. ಅಂದರೆ ಒಂದೇ ಅಣು ಒಂದು ಕಡೆ ಮಂಕಾಗಿ, ಇನ್ನೊಂದು ಕಡೆ ಪ್ರಖರವಾಗಿ ಇರಬಲ್ಲದು. ಅಕ್ಕಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಅದರ ಹೊಳಪು ನಿಂತಿದೆ. ಈ ಮಾತನ್ನು ನೆನಪಿಡಿ. ಇವತ್ತಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಇಂಥ ಹೊಳಪನ್ನು ಜನ ಬಹಳ ಹಿಂದೆಯೇ ಕಂಡಿದ್ದರು. 1565ರಲ್ಲಿ ಸ್ಪೇನಿನ ವೈದ್ಯ ನಿಕೊಲಾಸ್ ಮೊನಾರ್ಡೆಸ್, ಮೆಕ್ಸಿಕೊದಿಂದ ಬಂದ ಒಂದು ಮರದ ಚಕ್ಕೆಯನ್ನು ನೀರಿಗೆ ಹಾಕಿದರೆ ನೀರು ನೀಲಿಯಾಗಿ ಕಾಣುತ್ತದೆ ಎಂದು ಬರೆದಿಟ್ಟ. ನಮ್ಮ ಕಾಡಿನ ಹೊನ್ನೆಮರವೂ ಹಾಗೆಯೇ. ಮನೆಯಲ್ಲಿ ಹೊನ್ನೆಮರದ ಲೋಟ ಇದ್ದರೆ ಅದರಲ್ಲಿ ರಾತ್ರಿಯಿಡೀ ಇಟ್ಟ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದು ನೋಡಿ. ಹೊಂಬಣ್ಣದ ನೀರಿನ ಅಂಚಿನಲ್ಲಿ ನೀಲಿ ಛಾಯೆ ಆಡುತ್ತದೆ. ಇದು ಏಕೆ ಹೀಗೆ ಎಂದು ಬಿಡಿಸಿ ಹೇಳಿದವರು ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್, 1852ರಲ್ಲಿ. ಬಿಸಿಲನ್ನು ಪಟ್ಟಕದಿಂದ ಏಳು ಬಣ್ಣವಾಗಿ ಹರಡಿ, ಮಲೇರಿಯಾದ ಮದ್ದು ಕ್ವಿನೈನ್ ಕರಗಿಸಿದ ನೀರಿನ ಕೊಳವೆಯನ್ನು ಒಂದೊಂದೇ ಬಣ್ಣದಲ್ಲಿ ಸರಿಸುತ್ತ ಹೋದರು. ಕೆಂಪು, ಹಸಿರು, ನೀಲಿ, ಯಾವುದರಲ್ಲೂ ಏನೂ ಆಗಲಿಲ್ಲ. ನೇರಳೆಯೂ ಮುಗಿದು, ಕಣ್ಣಿಗೆ ಏನೂ ಕಾಣದ ಜಾಗಕ್ಕೆ ಸರಿಸಿದಾಗ ಕೊಳವೆ ನೀಲಿಯಾಗಿ ಬೆಳಗಿತು. ಕಾಣದ ಬೆಳಕು ಒಳಹೊಕ್ಕು ಕಾಣುವ ಬೆಳಕಾಗಿ ಬಂದಿತ್ತು.

ಮುಂದೆ 1871ರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಫ್ಲೋರೆಸಿನ್ ಎಂಬ ಬಣ್ಣ ತಯಾರಿಸಿದರು. ನೀಲಿ ಬೆಳಕು ನುಂಗಿ ಹಸಿರು ಉಗುಳುವ ಬಣ್ಣ ಅದು. ಅದರ ಮೊದಲ ಸಾಹಸಗಳಲ್ಲಿ ಒಂದು ನಡೆದದ್ದು ಆಸ್ಪತ್ರೆಯಲ್ಲಲ್ಲ, ಹೊಳೆಯಲ್ಲಿ. ಜರ್ಮನಿಯ ಇಮ್ಮೆಂಡಿಂಗೆನ್ ಎಂಬ ಊರಿನ ಹತ್ತಿರ ಡ್ಯಾನ್ಯೂಬ್ ನದಿಯ ನೀರು ನೆಲದೊಳಗೆ ಇಂಗಿ ಮಾಯವಾಗುತ್ತದೆ. ಸುಮಾರು 12 ಕಿಲೋಮೀಟರ್ ಆಚೆ ಆಖ್ ಎಂಬಲ್ಲಿ ದೊಡ್ಡದೊಂದು ಬುಗ್ಗೆ ಉಕ್ಕುತ್ತದೆ. ಅದು ಈ ನೀರೇನಾ? 1877ರ ಅಕ್ಟೋಬರಿನಲ್ಲಿ 10 ಕಿಲೋ ಫ್ಲೋರೆಸಿನ್ ಬಣ್ಣವನ್ನು ನದಿ ಇಂಗುವ ಬಿರುಕಿಗೆ ಸುರಿದರು. ಸುಮಾರು 60 ಗಂಟೆಗಳ ಮೇಲೆ ಆಖ್ ಬುಗ್ಗೆ ಹಸಿರಾಗಿ ಉಕ್ಕಿತು. ನೆಲವನ್ನು ಒಂದು ಅಡಿಯೂ ಅಗೆಯದೆ, ನೆಲದೊಳಗಿನ ದಾರಿ ಗೊತ್ತಾಯಿತು!

ಅಗೆಯದೆ ಒಳಗಿನದನ್ನು ತಿಳಿಯುವ ಈ ಆಸೆ ವೈದ್ಯರಿಗೂ ಇದೆ. ಅದರಲ್ಲೂ ಕ್ಯಾನ್ಸರ್ ವಿಷಯದಲ್ಲಿ.

ಕ್ಯಾನ್ಸರ್ ಎಂಬ ಪದ ಕಿವಿಗೆ ಬಿದ್ದರೆ ಮನೆಯಲ್ಲಿ ದೊಡ್ಡವರು ದನಿ ತಗ್ಗಿಸುತ್ತಾರೆ. ನೀವು ಹೆದರಬೇಕಿಲ್ಲ. ಅದು ಮುಟ್ಟಿದರೆ ಅಂಟುವ ರೋಗವಲ್ಲ, ಕಾಯಿಲೆಯಾದ ಅಜ್ಜಿಯನ್ನು ಧಾರಾಳವಾಗಿ ತಬ್ಬಿಕೊಳ್ಳಬಹುದು. ನಮ್ಮ ದೇಹದ ಜೀವಕೋಶಗಳು ಬೇಕಾದಾಗ ಒಂದು ಎರಡಾಗುತ್ತವೆ, ಸಾಕಾದಾಗ ನಿಲ್ಲುತ್ತವೆ. ಗಾಯ ಮಾಯುವುದು ಹೀಗೆಯೇ. ಎಲ್ಲೋ ಒಂದು ಕೋಶಕ್ಕೆ ನಿಲ್ಲುವುದು ಮರೆತುಹೋದರೆ ಅದು ಎರಡಾಗಿ, ನಾಲ್ಕಾಗಿ, ಎಂಟಾಗಿ ಬೆಳೆಯುತ್ತಲೇ ಹೋಗುತ್ತದೆ. ಕೈಗೆ ಸಿಗುವ, ಕಡಲೆಕಾಳಿನಷ್ಟು ಗಂಟಾಗುವ ಹೊತ್ತಿಗೆ ಅದರಲ್ಲಿ ಹತ್ತಾರು ಕೋಟಿ ಕೋಶಗಳು ಸೇರಿರುತ್ತವೆ. ಅದಕ್ಕೂ ಮೊದಲೇ, ಇನ್ನೂ ಪುಟ್ಟದಾಗಿದ್ದಾಗಲೇ ಸಿಕ್ಕಿಬಿದ್ದರೆ ಎಷ್ಟೋ ಬಗೆಯ ಕ್ಯಾನ್ಸರುಗಳನ್ನು ಪೂರ್ತಿ ಗುಣಪಡಿಸಬಹುದು. ತೊಂದರೆಯೆಂದರೆ ಪುಟ್ಟ ಗಡ್ಡೆ ಪಕ್ಕದ ಒಳ್ಳೆಯ ಕೋಶಗಳಂತೆಯೇ ಕಾಣುತ್ತದೆ. ಬಿಳಿ ಬೆಳಕಿನಲ್ಲಿ ನುರಿತ ಕಣ್ಣಿಗೂ ವ್ಯತ್ಯಾಸ ತಿಳಿಯದು.

1947ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಜಾರ್ಜ್ ಮೂರ್ ಎಂಬ ವೈದ್ಯರು ಅದೇ ಹೊಳೆಯ ಬಣ್ಣವನ್ನು, ಫ್ಲೋರೆಸಿನ್ನನ್ನು, ಗಡ್ಡೆ ಹುಡುಕಲು ಬಳಸಿದರು. ಮಿದುಳಿನ ಗಡ್ಡೆಯ ರಕ್ತನಾಳಗಳು ಸೋರುತ್ತವೆ, ಬಣ್ಣ ಅಲ್ಲಿ ಹೆಚ್ಚು ನಿಲ್ಲುತ್ತದೆ. ಉಪಾಯ ಚೆನ್ನಾಗಿತ್ತು. ಆದರೆ ಫ್ಲೋರೆಸಿನ್ ಯಾವಾಗಲೂ ಬೆಳಗುತ್ತಲೇ ಇರುವ ಅಣು. ರಕ್ತದಲ್ಲಿದ್ದರೂ ಹಸಿರು, ಚರ್ಮದಲ್ಲಿದ್ದರೂ ಹಸಿರು, ಗಡ್ಡೆಯಲ್ಲಿ ಸ್ವಲ್ಪ ಜಾಸ್ತಿ ಹಸಿರು. ಎಲ್ಲೆಲ್ಲೂ ಬೆಳಕಿದ್ದರೆ ಯಾವುದು ಬೇಕಾದ ಬೆಳಕು?

ಹಾಗಾಗಿ ರಸಾಯನ ವಿಜ್ಞಾನಿಗಳು ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಚೆನ್ನಾಗಿ ಹೊಳೆಯುವ ಅಣು ನಮಗೆ ಆಗಲೇ ಗೊತ್ತಿದೆ. ಹೊಳೆಯದೆ ಸುಮ್ಮನಿರುವ ಅಣುವನ್ನು ಮಾಡುವುದು ಹೇಗೆ? ನನ್ನನ್ನು ಕೇಳಿದರೆ, ಈ ವಿದ್ಯೆಯ ಜಾಣತನವೆಲ್ಲ ಇರುವುದು ಇಲ್ಲೇ.

ಜಪಾನಿನ ಟೋಕಿಯೊ ವಿಶ್ವವಿದ್ಯಾಲಯದ ಯಸುತೆರು ಉರಾನೊ ಇಂಥ ಅಣುಗಳನ್ನು ಕಟ್ಟುವುದರಲ್ಲಿ ಹೆಸರುವಾಸಿ. 2011ರಲ್ಲಿ ಅವರು ಅಮೆರಿಕದ ಹಿಸತಾಕ ಕೊಬಾಯಾಶಿ ಜೊತೆ ಸೇರಿ ಪ್ರಕಟಿಸಿದ ಅಣುವಿನ ಹತ್ತಿರ ಹೋಗಿ ನೋಡೋಣ. ನಮ್ಮ ದೇಹದಲ್ಲಿ ಜಿಜಿಟಿ ಎಂಬ ಕಿಣ್ವ ಇದೆ. ಮನೆಯಲ್ಲಿ ಯಾರಾದರೂ ಲಿವರ್ ಪರೀಕ್ಷೆ ಮಾಡಿಸಿದ್ದರೆ ಲ್ಯಾಬ್ ರಿಪೋರ್ಟಿನಲ್ಲಿ ಆ ಹೆಸರು ಹುಡುಕಿ, ಸಿಕ್ಕರೂ ಸಿಗಬಹುದು. ಕಿಣ್ವ ಎಂದರೆ ಒಂದು ನಿರ್ದಿಷ್ಟ ಕೆಲಸವನ್ನು ಮಾತ್ರ ಮಾಡುವ ಪ್ರೋಟೀನು. ಜಿಜಿಟಿಯ ಕೆಲಸ, ಕೆಲವು ಅಣುಗಳ ತುದಿಯಲ್ಲಿರುವ ಗ್ಲುಟಾಮಿಕ್ ಆಮ್ಲ ಎಂಬ ತುಣುಕನ್ನು ಕತ್ತರಿಸಿ ತೆಗೆಯುವುದು. ಹಲವು ಬಗೆಯ ಕ್ಯಾನ್ಸರ್ ಕೋಶಗಳ ಮೈಮೇಲೆ ಈ ಕಿಣ್ವ ಮಾಮೂಲಿಗಿಂತ ಹೆಚ್ಚು ಇರುತ್ತದೆ.

ಉರಾನೊ ಹಸಿರಾಗಿ ಹೊಳೆಯಬಲ್ಲ ಒಂದು ಅಣುವನ್ನು ತೆಗೆದುಕೊಂಡು ಅದರ ತುದಿಗೆ ಈ ಗ್ಲುಟಾಮಿಕ್ ಆಮ್ಲದ ತುಣುಕನ್ನು ಅಂಟಿಸಿದರು. ತುಣುಕು ಇರುವಷ್ಟು ಹೊತ್ತು ಅಣುವಿನ ಒಂದು ಭಾಗ ಒಳಕ್ಕೆ ಮಡಚಿಕೊಂಡು ಉಂಗುರ ಕಟ್ಟಿಕೊಳ್ಳುತ್ತದೆ. ಹಾಗೆ ಮಡಚಿಕೊಂಡಾಗ ಅದು ನೀಲಿ ಬೆಳಕನ್ನು ನುಂಗಲಾರದು. ನುಂಗದಿದ್ದರೆ ಉಗುಳುವುದೆಲ್ಲಿಂದ? ಬಣ್ಣವಿಲ್ಲ, ಹೊಳಪಿಲ್ಲ. ಜಿಜಿಟಿ ಬಂದು ತುಣುಕನ್ನು ಕತ್ತರಿಸಿದ ಕೂಡಲೇ ಉಂಗುರ ಬಿಚ್ಚಿಕೊಂಡು ಅಣು ಹಸಿರಾಗಿ ಬೆಳಗುತ್ತದೆ. ಮುಟ್ಟಿದರೆ ಮುನಿ ಗಿಡ ನೋಡಿದ್ದೀರಲ್ಲ, ಯಾರು ಮುಟ್ಟಿದರೂ ಎಲೆ ಮಡಚಿಕೊಳ್ಳುತ್ತದೆ. ಇದು ಅದರ ತದ್ವಿರುದ್ಧ: ಬೇಕಾದವರು ಮುಟ್ಟಿದಾಗ ಮಾತ್ರ ಬಿಚ್ಚಿಕೊಳ್ಳುತ್ತದೆ. ಹೊಟ್ಟೆಯೊಳಗೆ ಚಿಕ್ಕಚಿಕ್ಕ ಗಡ್ಡೆಗಳಿದ್ದ ಇಲಿಗಳ ಮೇಲೆ ಈ ದ್ರವವನ್ನು ಸಿಂಪಡಿಸಿದಾಗ ಒಂದು ನಿಮಿಷದೊಳಗೆ ಗಡ್ಡೆಗಳು ಹಸಿರು ಚುಕ್ಕಿಗಳಾಗಿ ಎದ್ದು ಕಂಡವು. ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಸ್ತನದ ಅಂಗಾಂಶದ ಮೇಲೂ ಪರೀಕ್ಷಿಸಿ ನೋಡಿದರು. ಹಾಗೆಂದು ಇದು ಎಲ್ಲ ಕಡೆಗೂ ಒದಗುವ ಮಂತ್ರವಲ್ಲ. ಆರೋಗ್ಯವಾಗಿರುವ ಮೂತ್ರಪಿಂಡದಲ್ಲೇ ಜಿಜಿಟಿ ಧಾರಾಳವಾಗಿದೆ, ಅಲ್ಲಿ ಈ ಅಣು ಸುಮ್ಮಸುಮ್ಮನೆ ಹೊಳೆಯುತ್ತದೆ.

ದೇಹವೇ ಬೆಳಕನ್ನು ಆರಿಸಿಡುವ ಇನ್ನೊಂದು ಸೋಜಿಗವಿದೆ. ನಮ್ಮ ಜೀವಕೋಶಗಳು ಎಎಲ್‌ಎ ಎಂಬ ಸಣ್ಣ ಅಣುವಿನಿಂದ ಶುರುಮಾಡಿ, ಹಂತಹಂತವಾಗಿ ಪ್ರೋಟೋಪಾರ್ಫಿರಿನ್ ಎಂಬ ದೊಡ್ಡ ಅಣುವನ್ನು ಕಟ್ಟುತ್ತವೆ. ಅದರ ನಡುವೆ ಕಬ್ಬಿಣದ ಪರಮಾಣು ಕೂರಿಸಿದರೆ ಅದೇ ಹೀಮ್, ರಕ್ತಕ್ಕೆ ಕೆಂಪು ಬಣ್ಣ ಕೊಡುವುದು. ಗಿಡಗಳೂ ಇದೇ ಎಎಲ್‌ಎಯಿಂದಲೇ ಹೊರಟು ಇದೇ ಅಣುವನ್ನು ಕಟ್ಟಿ, ಕಬ್ಬಿಣದ ಬದಲು ಮೆಗ್ನೀಸಿಯಂ ಕೂರಿಸಿ ಕ್ಲೋರೋಫಿಲ್ ಮಾಡಿಕೊಳ್ಳುತ್ತವೆ. ಅಂದರೆ ನಿಮ್ಮ ರಕ್ತದ ಕೆಂಪೂ ಪಾಲಕ್ಕಿನ ಹಸಿರೂ ದಾಯಾದಿಗಳು! ಕಬ್ಬಿಣ ಕೂತ ಹೀಮ್ ಹೊಳೆಯುವುದಿಲ್ಲ. ಕಬ್ಬಿಣ ಇನ್ನೂ ಕೂರದ ಪ್ರೋಟೋಪಾರ್ಫಿರಿನ್ ಮಾತ್ರ ನೀಲಿನೇರಳೆ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತದೆ.

ರೋಗಿಗೆ ಎಎಲ್‌ಎ ಬೆರೆಸಿದ ನೀರು ಕುಡಿಸಿದರೆ ಮಿದುಳಿನ ಕೆಲವು ಗಡ್ಡೆಗಳ ಕೋಶಗಳು ಕಬ್ಬಿಣ ಕೂರಿಸುವ ಕೆಲಸದಲ್ಲಿ ಹಿಂದೆ ಬೀಳುತ್ತವೆ. ಪ್ರೋಟೋಪಾರ್ಫಿರಿನ್ ಅಲ್ಲಿ ರಾಶಿ ಬೀಳುತ್ತದೆ. ಕೆಲವು ಗಂಟೆಗಳ ನಂತರ ಶಸ್ತ್ರಚಿಕಿತ್ಸಕರು ನೀಲಿ ಬೆಳಕು ಹಾಕಿದರೆ ಗಡ್ಡೆ ಕೆಂಪಾಗಿ ಕಾಣುತ್ತದೆ. ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು 322 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2006ರಲ್ಲಿ ಹೊರಬಂತು. ಮಾಮೂಲಿ ಬಿಳಿ ಬೆಳಕಿನಲ್ಲಿ, ಸ್ಕ್ಯಾನಿಗೆ ಕಾಣುತ್ತಿದ್ದ ಗಡ್ಡೆಯನ್ನು ಪೂರ್ತಿ ತೆಗೆಯಲಾದದ್ದು 100ಕ್ಕೆ 36 ಜನರಲ್ಲಿ. ಈ ಕೆಂಪಿನ ನೆರವಿದ್ದಾಗ 65 ಜನರಲ್ಲಿ. ಔಷಧಿ ಕುಡಿದವರು ಒಂದೆರಡು ದಿನ ಬಿಸಿಲಿಗೆ ಮೈ ಒಡ್ಡಬಾರದು, ಚರ್ಮ ಸುಟ್ಟಂತಾಗುತ್ತದೆ. ಇದರದೇ ತಮ್ಮನಂಥ ಇನ್ನೊಂದು ಔಷಧಿಯನ್ನು ಮೂತ್ರಕೋಶದ ಗಡ್ಡೆಗಳನ್ನು ಹುಡುಕಲು ಬಳಸುತ್ತಾರೆ. 2010ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು.

ಇವೆಲ್ಲ ನೀಲಿ ಬೆಳಕಿನ ಆಟಗಳು. ನೀಲಿ ಬೆಳಕಿಗೆ ಒಂದು ಕೊರತೆಯಿದೆ. ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಬೆರಳಿನ ಕೆಳಗೆ ಹಿಡಿಯಿರಿ. ಬೆರಳು ಕೆಂಪಗೆ ಬೆಳಗುತ್ತದೆ. ಟಾರ್ಚಿನಿಂದ ಎಲ್ಲ ಬಣ್ಣಗಳೂ ಹೊರಟಿದ್ದವು. ನೀಲಿ ಹಸಿರುಗಳನ್ನು ರಕ್ತ ನುಂಗಿತು, ಕೆಂಪು ಮಾತ್ರ ದಾಟಿ ಬಂತು. ಹಾಗಾಗಿ ದೇಹದ ಒಳಗೆ ಸ್ವಲ್ಪ ಆಳಕ್ಕೆ ನೋಡಬೇಕಾದರೆ ಕೆಂಪು, ಇನ್ನೂ ಒಳ್ಳೆಯದೆಂದರೆ ಕೆಂಪಿನ ಆಚೆಗಿನ ಅವಕೆಂಪು ಬೇಕು. ಅದನ್ನು ನಮ್ಮ ಕಣ್ಣು ಕಾಣದು, ಕ್ಯಾಮೆರಾ ಕಾಣುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಅವಕೆಂಪು ಬಣ್ಣವೊಂದಕ್ಕೆ ಫೋಲಿಕ್ ಆಮ್ಲದಂಥ ಅಣುವನ್ನು ಜೋಡಿಸಿದರು. ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಈ ವಿಟಮಿನ್ನಿನ ಮೇಲೆ ವಿಪರೀತ ಹಸಿವು. ಅವು ಅದನ್ನು ಬಾಚಿಕೊಳ್ಳುವಾಗ ಜೊತೆಗೆ ಬಣ್ಣವೂ ಒಳಗೆ ಹೋಗುತ್ತದೆ. 2021ರಲ್ಲಿ ಇದು ಶಸ್ತ್ರಚಿಕಿತ್ಸೆಯ ಕೋಣೆಗೆ ಬಂತು. ಅಂದಹಾಗೆ, ಫೋಲಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದ್ದು 1941ರಲ್ಲಿ, ಅದೂ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ. ಅಷ್ಟೊಂದು ಸೊಪ್ಪು ಬಿಡಿಸಿದವರು ಯಾರೋ ಪಾಪ!

ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಕಾಯಿಲೆ ಗೊತ್ತಾದ ಮೇಲಿನ ಮಾತು. ಕಾಯಿಲೆ ಇದೆಯೋ ಇಲ್ಲವೋ ಎಂದು ಕತ್ತರಿ ಸೋಕಿಸದೆ ಮುಂಚೆಯೇ ನೋಡುವುದು ಇನ್ನೊಂದು ಕೆಲಸ. ಅದಕ್ಕೆ ತೀರ ಸುಲಭವಾಗಿ ಸಿಗುವ ಜಾಗ ಬಾಯಿ. ಆರೋಗ್ಯವಾದ ಬಾಯಿಯ ಒಳಪದರಕ್ಕೆ ನೀಲಿನೇರಳೆ ಬೆಳಕು ಬಿಟ್ಟರೆ ಯಾವ ಔಷಧಿಯೂ ಇಲ್ಲದೆ ಅದು ತಾನೇ ಮಸುಕು ಹಸಿರಾಗಿ ಹೊಳೆಯುತ್ತದೆ. ತೊಂದರೆ ಶುರುವಾದ ಜಾಗದಲ್ಲಿ ಹೊಳಪು ಸತ್ತು ಕಪ್ಪು ಮಚ್ಚೆ ಕಾಣುತ್ತದೆ. ಇಲ್ಲಿ ಕತ್ತಲೇ ಸುಳಿವು. ಗುಟ್ಕಾ, ತಂಬಾಕು ಅಗಿಯುವವರು ಹೆಚ್ಚಿರುವ ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಬಹಳ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಬೆಂಗಳೂರಿನ ವೈದ್ಯರ ಜೊತೆ ಸೇರಿ, ಸ್ಮಾರ್ಟ್‌ಫೋನಿಗೆ ಇಂಥ ದೀಪ ಜೋಡಿಸಿ ಬಾಯಿಯ ಚಿತ್ರ ತೆಗೆಯುವ ಸಾಧನವೊಂದನ್ನು 2018ರಲ್ಲಿ ಪ್ರಕಟಿಸಿದರು. ದೊಡ್ಡ ಆಸ್ಪತ್ರೆ ಇಲ್ಲದ ಊರಿಗೂ ಫೋನು ಹೋಗಬಲ್ಲದಲ್ಲ! ಆದರೆ ಬಿಸಿ ಸಾರು ಕುಡಿದು ಸುಟ್ಟ ನಾಲಿಗೆಯೂ, ಹಲ್ಲು ತಾಗಿ ಆದ ಹುಣ್ಣೂ ಕಪ್ಪಾಗಿ ಕಾಣಬಹುದು. ಕೊನೆಗೆ ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ವೈದ್ಯರು ಹೌದು ಅಥವಾ ಅಲ್ಲ ಎನ್ನುವುದು.

ದೇಹದ ಆಳದಲ್ಲಿರುವ ಅಂಗಗಳಿಗೆ? ಭಾರತದಿಂದ ಅಮೆರಿಕಕ್ಕೆ ವಲಸೆ ಹೋದ ದಂಪತಿಯ ಮಗಳು ಸಂಗೀತಾ ಭಾಟಿಯಾ, ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದು ಸೊಗಸಾದ ದಾರಿ ಹುಡುಕಿದ್ದಾರೆ. ಗಡ್ಡೆಗಳು ಹರಡುವಾಗ ಸುತ್ತಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳನ್ನು ಸುರಿಸುತ್ತವೆ. ಆ ಕಿಣ್ವಗಳು ಕತ್ತರಿಸುವಂಥ ತುಣುಕುಗಳನ್ನು ಹೊತ್ತ ನ್ಯಾನೋ ಕಣಗಳನ್ನು ರಕ್ತಕ್ಕೆ ಬಿಡುತ್ತಾರೆ. ಕಣ ಹಾಗೇ ಇರುವಾಗ ಮೂತ್ರಪಿಂಡದ ಸೋಸುವ ಪರದೆಯನ್ನು ದಾಟಲಾರದಷ್ಟು ದೊಡ್ಡದು. ಗಡ್ಡೆಯ ಹತ್ತಿರ ಕತ್ತರಿಸಿಕೊಂಡ ಚೂರುಗಳು ಮಾತ್ರ ದಾಟಿ ಮೂತ್ರಕ್ಕೆ ಬರುತ್ತವೆ. 2019ರಲ್ಲಿ ಲಂಡನ್ನಿನ ಮಾಲಿ ಸ್ಟೀವನ್ಸ್ ಜೊತೆ ಸೇರಿ ಆ ಚೂರಿಗೆ 2 ನ್ಯಾನೋಮೀಟರಿಗಿಂತ ಚಿಕ್ಕ ಚಿನ್ನದ ಗೊಂಚಲನ್ನು ಕಟ್ಟಿದರು. ಕರುಳಿನ ಕ್ಯಾನ್ಸರ್ ಇದ್ದ ಇಲಿಯ ಮೂತ್ರಕ್ಕೆ ಒಂದೆರಡು ರಾಸಾಯನಿಕ ಬೆರೆಸಿದರೆ ಅದು ನೀಲಿಯಾಯಿತು. ಆರೋಗ್ಯವಂತ ಇಲಿಯದು ಆಗಲಿಲ್ಲ. ಇಲ್ಲಿ ಹೊಳಪೂ ಬೇಡ, ಟಾರ್ಚೂ ಬೇಡ, ಬರಿಗಣ್ಣು ಸಾಕು.

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಗೆಲ್ಲಲು ವರ್ಷಗಳೇ ಬೇಕು. ಏಕೆಂದು ಒಂದು ಲೆಕ್ಕ ಹಾಕೋಣ, ಪೆನ್ಸಿಲ್ ತೆಗೆದುಕೊಳ್ಳಿ. ಒಂದು ಊರಿನಲ್ಲಿ 1000 ಜನರಿಗೆ ಪರೀಕ್ಷೆ ಮಾಡುತ್ತೇವೆ ಎಂದಿಟ್ಟುಕೊಳ್ಳಿ. ಅವರಲ್ಲಿ ನಿಜವಾಗಿ ಕಾಯಿಲೆ ಇರುವುದು 5 ಜನರಿಗೆ. ನಮ್ಮ ಅಣು ಕಾಯಿಲೆಯಿಲ್ಲದ 100 ಜನರಲ್ಲಿ 5 ಜನರಲ್ಲಿ ಮಾತ್ರ ತಪ್ಪಿ ಹೊಳೆಯುತ್ತದೆ. ಒಳ್ಳೆಯ ಅಣುವೇ ಅಲ್ಲವೆ? ಆದರೆ ಉಳಿದ 995 ಜನರಲ್ಲಿ ಸುಮಾರು 50 ಜನರಿಗೆ ಏನೂ ಇಲ್ಲದೆಯೂ ಅದು ಬೆಳಗಿತು. ನಿಜವಾದ ಐವರ ಜೊತೆ ಐವತ್ತು ಮನೆಗಳಲ್ಲಿ ಸುಮ್ಮನೆ ಗಾಬರಿ, ಸ್ಕ್ಯಾನು, ಸೂಜಿ.

ಇದಕ್ಕೆ ಪರಿಹಾರವಾಗಿ ಈಗ ಎರಡು ತುಣುಕು ಅಂಟಿಸಿದ ಅಣುಗಳನ್ನು ಕಟ್ಟುತ್ತಿದ್ದಾರೆ. ಎರಡು ಬೇರೆಬೇರೆ ಕಿಣ್ವಗಳು ಎರಡನ್ನೂ ಕತ್ತರಿಸಿದರೆ ಮಾತ್ರ ಅದು ಹೊಳೆಯುತ್ತದೆ. ಒಂದೊಂದೂ 100ಕ್ಕೆ 5 ಸಲ ತಪ್ಪಿದರೂ, ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ನಂಟಿಲ್ಲದಿದ್ದರೆ, ಎರಡೂ ಒಟ್ಟಿಗೆ ತಪ್ಪುವುದು 400ಕ್ಕೆ ಒಂದು ಸಲ. 50 ಇದ್ದ ಸುಳ್ಳು ಹೊಳಪು ಎರಡು ಮೂರಕ್ಕೆ ಇಳಿಯಿತು. ಇನ್ನೊಂದು ಕಡೆಯಿಂದಲೂ ಲೆಕ್ಕ ಹಾಕಿ: ಕಾಯಿಲೆ ಇದ್ದಾಗ ಒಂದೊಂದು ಕಿಣ್ವವೂ 10ಕ್ಕೆ 9 ಸಲ ಸಿಕ್ಕರೆ, ಎರಡೂ ಒಟ್ಟಿಗೆ ಸಿಗುವುದು 100ಕ್ಕೆ 81 ಸಲ. ಅಂದರೆ ನಮ್ಮ ಐವರಲ್ಲಿ ಒಬ್ಬರು ಕೈತಪ್ಪಿ ಹೋಗುವ ಸಂಭವ ಉಂಟು. ಸುಳ್ಳು ಗಾಬರಿ ಕಡಿಮೆ ಮಾಡಲು ಹೋದರೆ ನಿಜವಾದದ್ದು ಜಾರುತ್ತದೆ, ನಿಜವಾದದ್ದನ್ನು ಬಿಗಿ ಹಿಡಿದರೆ ಸುಳ್ಳು ಗಾಬರಿ ಏರುತ್ತದೆ. ಆ 9ನ್ನು ಹತ್ತರ ಹತ್ತಿರಕ್ಕೆ ತರುವುದು ಹೇಗೆ ಎಂದು ಹಲವು ದೇಶಗಳ ಪ್ರಯೋಗಾಲಯಗಳಲ್ಲಿ ಈಗ ತಲೆ ಕೆಡಿಸಿಕೊಂಡಿದ್ದಾರೆ.